ಬೀರುವಿನಷ್ಟು ದೊಡ್ಡ ಕಂಪ್ಯೂಟರೂ ಮೆಕ್ಕೆಜೋಳದ ಗಡುವೂ

ಹಳೇ ಯಂತ್ರಕ್ಕೆ ಕೈ ಹಾಕಿದವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಮನೆ ವಿಳಾಸ ಕೇಳಿಕೊಂಡು ಬರುತ್ತವೆ. ಶಿಕಾರಿಪುರದಲ್ಲಿ ಮೂವತ್ತು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದವನು ನಾನು. ಮುಚ್ಚಿದ ಕಾರ್ಖಾನೆಯೊಂದರ ಹರಾಜಿನಲ್ಲಿ ಒಂದು ಮಿನಿ ಕಂಪ್ಯೂಟರ್ ಕೊಂಡೆ. ಹೆಸರಿಗೆ ಮಿನಿ, ಗಾತ್ರಕ್ಕೆ ಬಟ್ಟೆ ಇಡುವ ಬೀರು.

"ಮೆಕ್ಕೆಜೋಳ ಮನೆಗೆ ಬರೋದ್ರೊಳಗೆ ಓಡಿಸ್ರಿ. ಇಲ್ಲಾಂದ್ರೆ ಗುಜರಿಯವನನ್ನ ಕರೆಸ್ತೀನಿ, ಚೀಲ ಇಡೋಕೆ ಆ ಕೋಣೆ ಬೇಕು" ಅಂದಳು ಹೆಂಡತಿ. ಓಡಿಸಿಯೇ ತೀರುತ್ತೇನೆ ಅಂದೆ. ಓಣಿಯವರೆಲ್ಲ ನಕ್ಕರು. ನಗಲಿ, ನನಗೇನು!

ಹೂವಿನ ಅಪ್ಪಣೆ

ವೈರಿಂಗ್ ನಕ್ಷೆಯ ಪುಸ್ತಕವಿಲ್ಲದೆ ಒಂದು ತಂತಿಯನ್ನೂ ಮುಟ್ಟುವಂತಿರಲಿಲ್ಲ. ಕಾರ್ಖಾನೆಯಲ್ಲಿ ಆ ಯಂತ್ರ ನಡೆಸುತ್ತಿದ್ದ ಹಿರಿಯರು ಈಗ ಆನವಟ್ಟಿ ಹತ್ತಿರದ ಹಳ್ಳಿಯಲ್ಲಿದ್ದಾರೆಂದು ತಿಳಿದು ಬಸ್ಸು ಹತ್ತಿದೆ. ಪುಸ್ತಕ ಇತ್ತು. ಎಲ್ಲಿ? ದೇವರ ಕೋಣೆಯಲ್ಲಿ! ಪ್ರತಿ ಆಯುಧಪೂಜೆಗೂ ಅದಕ್ಕೆ ಅರಿಶಿನ, ಕುಂಕುಮ.

"ಅನ್ನ ಕೊಟ್ಟ ಪುಸ್ತಕ ಮಾರಾಯ್ರೆ, ದೇವರನ್ನ ಕೇಳದೆ ಕೊಡೂಕಾಗಲ್ಲ" ಎಂದು ಹೂ ಪ್ರಸಾದ ಕೇಳಿದರು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಬಿದ್ದದ್ದು ಎಡಗಡೆಯದು. ಮೊಬೈಲ್ ತೆಗೆದರೆ, ಫೋಟೋನೂ ಬೇಡ ಅಂದರು.

"ಹೊರಗೆ ಕೊಡಬೇಡ ಅಂತ ತಾನೆ ದೇವರು ಹೇಳಿದ್ದು? ಇಲ್ಲೇ ಕೂತು ನಕಲು ಮಾಡ್ಕೋತೀನಿ" ಅಂದವನೇ ಜಗಲಿ ಹಿಡಿದು ಕೂತೆ. ಮೂರು ದಿನ! ತಿಂಡಿ, ಊಟ, ಐದೈದು ಸಲ ಚಹಾ ಎಲ್ಲ ಅಲ್ಲೇ. ನಾಲ್ಕನೇ ದಿನ ಬೆಳಿಗ್ಗೆ ಆ ಮನೆಯ ಯಜಮಾನಿ ಪುಸ್ತಕ ತಂದು ನನ್ನ ಚೀಲಕ್ಕೆ ತುರುಕಿದರು. "ಬಲಗಡೆ ಹೂ ಬಿತ್ತು, ಹೊರಡಿ."

ದೇವರಿಗೆ ಅವತ್ತಿನ ಹೂವನ್ನು ಇನ್ನೂ ಏರಿಸಿಯೇ ಇರಲಿಲ್ಲ.

ಕಾವಲಿಗೆ ನಿಂತ ಫಲಕ

ಸ್ವಿಚ್ಚುಗಳಿರುವ ಮುಂಭಾಗದ ಫಲಕ ಹರಾಜಿನಲ್ಲಿ ಬೇರೆಯವರ ಪಾಲಾಗಿತ್ತು. ವಿಚಾರಿಸುತ್ತ ಹೋದರೆ, ಬಳ್ಳಿಗಾವಿ ಕಡೆ ಕುರಿ ಸಾಕುವವರೊಬ್ಬರ ಮನೆಯಲ್ಲಿ ಅದು ಮರಿಗಳ ಗೂಡಿಗೆ ಬಾಗಿಲಾಗಿತ್ತು.

"ಕೊಡಾಕೆ ಅಡ್ಡಿಯಿಲ್ರೀ. ಆದ್ರೆ ನಾಯಿ ಕಾಟ ಐತೆ. ಸಂಜೆಯೊಳಗೆ ಇಷ್ಟೇ ಅಗಲದ ಬಾಗಿಲು ತಂದುಕೊಡ್ರಿ" ಅಂದರು ಕುರಿಯವರು.

ಬಡಗಿಯನ್ನು ಹಿಡಿಯಲು ಹೊತ್ತೆಲ್ಲಿ? ಮನೆಗೆ ಬಂದು ಅಡುಗೆಮನೆ ಕಪಾಟಿನ ಬಾಗಿಲು ಬಿಚ್ಚಿ ಬೈಕಿಗೆ ಕಟ್ಟಿದೆ. ಕತ್ತಲಾಗುವ ಹೊತ್ತಿಗೆ ಫಲಕದೊಂದಿಗೆ ಮರಳಿದೆ.

"ಕಪಾಟಿನ ಬಾಗಿಲು ಎಲ್ರೀ?" ಅಂದಳು ಹೆಂಡತಿ.

"ಕುರಿಮರಿ ಕಾಯ್ತಾ ಇದೆ."

ಆ ವಾರವಿಡೀ ನನ್ನ ಮೇಲೆ ಪ್ರೀತಿ ಇದ್ದದ್ದು ನಮ್ಮನೆ ಬೆಕ್ಕಿಗೆ ಮಾತ್ರ.

ಗುಜರಿಯವನು ಬಂದ ದಿನ

ಜೋಳ ಬಂದೇಬಿಟ್ಟಿತು, ಜೊತೆಗೆ ಬಿಡದ ಮೋಡವೂ. ಬಿಸಿಲಿಲ್ಲದೆ ಹಸಿ ಕಾಳಿಗೆ ಬೂಷ್ಟು ಹಿಡಿಯುವ ಹೊತ್ತು. ಹೆಂಡತಿ ಸಿಟ್ಟಿನಲ್ಲಿ ಗುಜರಿಯವನಿಗೆ ಫೋನ್ ಮಾಡಿದಳು. ಬರಲಿ, ನೋಡೇಬಿಡೋಣ ಎಂದು ನಾನು ಕೊನೆಯ ತಂತಿ ಬೆಸೆದು ಸ್ವಿಚ್ ಒತ್ತಿದೆ. ಫ್ಯಾನುಗಳು ಗುಂಯ್ ಎಂದವು, ದೀಪಗಳು ಹತ್ತಿದವು. ಫಲಕದ ಸ್ವಿಚ್ಚುಗಳಿಂದ ಎರಡಕ್ಕೆ ಮೂರು ಕೂಡಿಸಿದೆ. ದೀಪಗಳಲ್ಲಿ ಉತ್ತರ ಐದು! ನನಗೆ ಅಳುವೇ ಬಂತು.

"ನೋಡೇ, ಸರಿಯಾದ ಲೆಕ್ಕ!" ಎಂದು ಕೂಗಿದೆ. ಅವಳು ದೀಪ ನೋಡಲೇ ಇಲ್ಲ. ಯಂತ್ರದ ಹಿಂದೆ ಬುಸುಗುಡುತ್ತಿದ್ದ ಬಿಸಿಗಾಳಿಗೆ ಕೈಯೊಡ್ಡಿದಳು. ಮರುಗಳಿಗೆಯಲ್ಲೇ ಅಲ್ಲಿ ಟಾರ್ಪಾಲು ಹಾಸಿ ಜೋಳ ಹರವಿದಳು.

ಅಷ್ಟರಲ್ಲಿ ಗುಜರಿಯವನು ತಕ್ಕಡಿ ಸಮೇತ ಬಂದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಇದು ಗುಜರಿ ಅಲ್ಲಪ್ಪ, ಚಾಲೂ ಇರೋ ಮಷೀನು. ಮುಟ್ಟಿದ್ರೆ ನೋಡು ಮತ್ತೆ!"

ಅವನು ಒಳಗೆ ಇಣುಕಿ, "ಏನ್ ಕೆಲಸ ಮಾಡ್ತೈತೆ ಅಕ್ಕಾರೆ ಇದು?" ಅಂದ.

"ಜೋಳ ಒಣಗಿಸುತ್ತೆ. ಬಿಡುವಿದ್ರೆ ಲೆಕ್ಕಾನೂ ಮಾಡುತ್ತೆ."