ನಾಲ್ಕು ನಿಮಿಷದ ಕಾಲುವೆ

ನಗರದ ಸಾಂಸ್ಕೃತಿಕ ಬದುಕನ್ನು ಬಲಪಡಿಸುವ ಸಮಿತಿಯ ನಿಯಮಾವಳಿ, ಕಲಮು ಹನ್ನೊಂದರ ಪ್ರಕಾರ, ಯಾವ ನಾಟಕವೂ ತನ್ನ ಉದ್ಘಾಟನಾ ಸಮಾರಂಭಕ್ಕಿಂತ ಉದ್ದವಾಗಿರತಕ್ಕದ್ದಲ್ಲ. ಈ ಕಲಮು 'ಕಾಲುವೆ' ನಾಟಕದ ಪ್ರಾಂಪ್ಟರನ ಕೈಸೇರಿದ್ದು ಸ್ಥಳೀಯ ಇತಿಹಾಸ ಸಪ್ತಾಹಕ್ಕೆ ಹದಿನೈದು ದಿನ ಉಳಿದಿದ್ದಾಗ.

ಪ್ರಾಂಪ್ಟರ್ ಮೂವತ್ತೊಂದು ವರ್ಷದಿಂದ ಪುರಭವನದ ಎಡಗಡೆ ಪರದೆಯ ಹಿಂದೆ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಎತ್ತಿಕೊಡುತ್ತ ಬಂದವನು. ನಾಟಕ ಎರಡು ಗಂಟೆಯದು. ಊರಿಗೆ ನೀರು ತಂದ ಕಾಲುವೆ ಅಗೆಯುವಾಗ ದಂಡೆ ಕುಸಿದು ನಲವತ್ತೊಂದು ಜನ ಸತ್ತಿದ್ದರು. ದಂಡೆಯ ಮೇಲಿನ ಕಲ್ಲಿನಲ್ಲಿ ಕಾಲುವೆಯನ್ನು ಉದ್ಘಾಟಿಸಿದವರ ಹೆಸರಷ್ಟೇ ಇದೆ. ಸತ್ತವರಿಗೆ ಹಾಜರಿ ಪುಸ್ತಕದಲ್ಲೂ ಅಡ್ಡಹೆಸರೇ ಇದ್ದದ್ದು: ಎಡಗೈ ಬಡಗಿ, ಬುಟ್ಟಿ ಅತ್ತಿಗೆ, ನಗದ ಮಾವ. ಆ ಪುಸ್ತಕವನ್ನು ಗೆದ್ದಲು ತಿಂದ ಮೇಲೆ ಹೆಸರುಗಳು ಉಳಿದದ್ದು ನಾಟಕದ ಕೊನೆಯಲ್ಲಿ ಮಾತ್ರ. ಅಲ್ಲಿ ಒಬ್ಬ ಮುದುಕಿ ನಲವತ್ತೊಂದನ್ನೂ ಕೂಗಿ ಕರೆಯುತ್ತಾಳೆ.

ಆ ಪಾತ್ರ ಪ್ರಾಂಪ್ಟರನ ಅಕ್ಕನದು. ಬುಟ್ಟಿ ಅತ್ತಿಗೆ ಅವರಿಬ್ಬರ ಅಜ್ಜಿ. ಅಕ್ಕನಿಗೆ ಈಗ ಮರೆವಿನ ಕಾಯಿಲೆ, ಬೆಳಿಗ್ಗೆ ಏನು ತಿಂದಳೆಂದು ಮಧ್ಯಾಹ್ನಕ್ಕೆ ನೆನಪಿರದು. ಹೆಸರುಗಳು ಮಾತ್ರ ಇನ್ನೂ ಹೋಗಿಲ್ಲ. ಹೋಗುವ ಮೊದಲು ಊರಿನ ಮುಂದೆ ಒಂದು ಸಲ ಹೇಳಿಬಿಡಬೇಕೆಂದು ಅವಳು ಹಟ ಹಿಡಿದಿದ್ದಳು.

ಸಮಾರಂಭ ಐದಕ್ಕೆ ಶುರು, ಎಂಟಕ್ಕೆ ಭವನ ಖಾಲಿಯಾಗಬೇಕು. ಮೊದಲ ಪತ್ರದಲ್ಲಿ ನಾಟಕಕ್ಕೆ ನಲವತ್ತು ನಿಮಿಷ ಮಂಜೂರಾಗಿತ್ತು. ಆಮೇಲೆ ಅತಿಥಿಗಳನ್ನು ಪರಿಚಯಿಸುವವರ ಪರಿಚಯವೊಂದು ಸೇರಿ ಹದಿನೈದಾಯಿತು. ಮೂರನೆಯ ಪತ್ರ ತಂಡವನ್ನು ತುಂಬು ಹೃದಯದಿಂದ ಅಭಿನಂದಿಸಿ ನಾಲ್ಕಕ್ಕೆ ಇಳಿಸಿತು. ಪ್ರಾಂಪ್ಟರ್ ಪ್ರತಿ ಪತ್ರಕ್ಕೂ ಕೆಂಪು ಪೆನ್ಸಿಲ್ ಹಿಡಿದು ಕೂತ. ಹಾಸ್ಯ ಹೋಯಿತು, ಮದುವೆ ಹೋಯಿತು, ಕಡೆಗೆ ಕಾಲುವೆಯೇ ಹೋಗಿ ಹೆಸರುಗಳು ಉಳಿದವು. ಗಡಿಯಾರ ಇಟ್ಟು ಅಕ್ಕನಿಂದ ಹೇಳಿಸಿ ನೋಡಿದರೆ ಮೂರು ನಿಮಿಷ ಐವತ್ತು ಸೆಕೆಂಡು.

ಅಷ್ಟಾದರೂ ಗ್ಯಾರಂಟಿಯೇ ಎಂದು ಕೇಳಲು ಅವನು ಕಾರ್ಯದರ್ಶಿಯ ಕೋಣೆಗೆ ಹೋದ. ಕಾರ್ಯದರ್ಶಿ ನೊಂದುಕೊಂಡರು.

"ನಾಟಕವೇ ಇಲ್ಲ ಅಂದ್ರೆ ನಾವು ಉದ್ಘಾಟನೆ ಮಾಡೋದು ಏನನ್ನ?"

ಜೊತೆಗೆ ಒಂದು ಕೆಲಸವನ್ನೂ ಒಪ್ಪಿಸಿದರು. ವಂದನಾರ್ಪಣೆ ಮಾಡುವ ಉಪಾಧ್ಯಕ್ಷರು ಹೋದ ವರ್ಷ ಒಬ್ಬ ಗಣ್ಯರ ಹೆಸರು ಮರೆತದ್ದಕ್ಕೆ ಆ ಗಣ್ಯರು ಪುರಭವನದ ನಲ್ಲಿ ಕಟ್ ಮಾಡಿಸಿದ್ದರು. ಈ ಸಲ ಪ್ರಾಂಪ್ಟರ್ ಪರದೆಯ ಹಿಂದಿನಿಂದ ಒಂದೊಂದೇ ಹೆಸರು ಹೇಳಿಕೊಡಬೇಕು.

"ಒಂದು ಹೆಸರು ಬಿಟ್ಟುಹೋದ್ರೂ ಅನಾಹುತ ಕಣ್ರೀ."

"ಹೌದು ಸರ್, ಒಂದೂ ಬಿಡಬಾರದು," ಎಂದ ಪ್ರಾಂಪ್ಟರ್.

ಆ ದಿನ ವೇದಿಕೆಗೆ ಇಪ್ಪತ್ತಾರು ಗಣ್ಯರು ಹತ್ತಿದರು. ಕುರ್ಚಿ ಸಾಲದೆ ಮೂವರನ್ನು ನಾಟಕಕ್ಕೆಂದು ಮಾಡಿದ್ದ ಕಾಲುವೆ ದಂಡೆಯ ಮೇಲೆ ಕೂರಿಸಲಾಯಿತು. ಅಕ್ಕ ಬಣ್ಣ ಹಚ್ಚಿಕೊಂಡು, ಗುದ್ದಲಿ ಹಿಡಿದು, ಐದು ಗಂಟೆಯಿಂದ ತಮ್ಮನ ಬೆನ್ನ ಹಿಂದೆ ನಿಂತಿದ್ದಳು. ಮುಖ್ಯ ಅತಿಥಿಗಳು ಜನರಿಗೆ ನಾಟಕ ನೋಡುವ ತಾಳ್ಮೆ ಇಲ್ಲವೆಂಬುದನ್ನು ಒಂದು ಗಂಟೆ ಹತ್ತು ನಿಮಿಷ ವಿವರಿಸಿದರು. ಏಳೂ ಮುಕ್ಕಾಲಿಗೆ ಕಾರ್ಯದರ್ಶಿ ಮೈಕಿಗೆ ಬಂದರು.

"ಸಮಯದ ಅಭಾವದಿಂದಾಗಿ, 'ಕಾಲುವೆ' ನಾಟಕವು ಅತ್ಯಂತ ಯಶಸ್ವಿಯಾಗಿ ಪ್ರದರ್ಶನಗೊಂಡಿದೆಯೆಂದು ಪರಿಗಣಿಸಲಾಗಿದೆ."

ಜೋರು ಚಪ್ಪಾಳೆ ಬಿತ್ತು.

"ನನ್ನ ಸರದಿ ಬಂತೇನೋ?" ಅಕ್ಕ ಕೇಳಿದಳು.

ಇಷ್ಟು ವರ್ಷ ಯಾರ್ಯಾರ ಬಾಯಿಗೋ ಮಾತು ಹಾಕಿದ ತನಗೆ ಈಗ ಆಡಲು ಒಂದು ಮಾತೂ ಇಲ್ಲವಲ್ಲ ಎಂದು ಪ್ರಾಂಪ್ಟರನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಉಪಾಧ್ಯಕ್ಷರು ಮೈಕ್ ಹಿಡಿದು ಎಡಗಿವಿಯನ್ನು ಪರದೆಯ ಕಡೆ ತಿರುಗಿಸಿದರು. ಆ ಕಿವಿಗೆ ಬಿದ್ದದ್ದು ಬಾಯಿಗೆ ಬರುವ ಮೊದಲು ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ಪ್ರಾಂಪ್ಟರ್ ಇಪ್ಪತ್ತಾರೂ ಹೆಸರು ಹೇಳಿಕೊಟ್ಟ. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟ. ಆಮೇಲೆ, "ಎಡಗೈ ಬಡಗಿ," ಎಂದ.

"ಮಾನ್ಯ ಎಡಗೈ ಬಡಗಿಯವರಿಗೆ ಸಮಿತಿಯ ಪರವಾಗಿ ಹೃತ್ಪೂರ್ವಕ ವಂದನೆಗಳು," ಎಂದರು ಉಪಾಧ್ಯಕ್ಷರು. ಚಪ್ಪಾಳೆ. "ಶ್ರೀಮತಿ ಬುಟ್ಟಿ ಅತ್ತಿಗೆಯವರಿಗೆ..." ಮತ್ತೆ ಚಪ್ಪಾಳೆ.

ಹತ್ತೊಂಬತ್ತನೆಯದಕ್ಕೆ ಪ್ರಾಂಪ್ಟರ್ ತಡವರಿಸಿದ. ನಾಟಕದ ಪುಸ್ತಕ ನೋಡದೆ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಗದ ಮಾವ," ಬೆನ್ನ ಹಿಂದಿನಿಂದ ಅಕ್ಕ ಪಿಸುಗುಟ್ಟಿದಳು.

ಅಲ್ಲಿಂದ ನಲವತ್ತೊಂದರವರೆಗೂ ಅವಳು ತಮ್ಮನಿಗೆ ಕೊಟ್ಟಳು, ತಮ್ಮ ಉಪಾಧ್ಯಕ್ಷರಿಗೆ ಕೊಟ್ಟ, ಉಪಾಧ್ಯಕ್ಷರು ಊರಿಗೆ ಕೊಟ್ಟರು. ಎಂಟಕ್ಕೆ ಸರಿಯಾಗಿ ಭವನ ಖಾಲಿಯಾಯಿತು.

ಮರುವಾರದ ಸಭೆಯಲ್ಲಿ, ನಲವತ್ತೊಂದು ಗಣ್ಯರು ನೆನಪಿನ ಕಾಣಿಕೆ ಪಡೆಯದೆ ತೆರಳಿರುವುದನ್ನು ವಿಷಾದದಿಂದ ದಾಖಲಿಸಲಾಯಿತು. ಅವರು ಯಾರೆಂದು ಯಾರೂ ಕೇಳಲಿಲ್ಲ. ಕೇಳಿದರೆ ತಮಗೆ ಗೊತ್ತಿಲ್ಲವೆಂದು ಉಳಿದವರಿಗೆ ಗೊತ್ತಾಗುತ್ತಿತ್ತು. ಮುಂದಿನ ವರ್ಷದ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ವೇದಿಕೆಯ ಮೇಲೆ ನಲವತ್ತೊಂದು ಕುರ್ಚಿ ಬಂತು. ಅಷ್ಟು ಕುರ್ಚಿಯ ನಡುವೆ ನಾಟಕಕ್ಕೆ ಜಾಗವಿಲ್ಲದ ಕಾರಣ ಕಲಮು ಹನ್ನೊಂದನ್ನು ಅನಗತ್ಯವೆಂದು ಕೈಬಿಡಲಾಯಿತು.

ಈಗ ಅಕ್ಕನಿಗೆ ತಮ್ಮನ ಗುರುತೂ ಸಿಗುವುದಿಲ್ಲ. ಪ್ರತಿ ವರ್ಷ ಅವನು ಅವಳನ್ನು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ ಪರದೆಯ ಹಿಂದೆ ಹೋಗುತ್ತಾನೆ. ಹೆಸರು ಓದುವಾಗ ಅವಳ ತುಟಿ ಅಲ್ಲಾಡುತ್ತದೆ. ಓದಿ ಮುಗಿಸಿ ಉಪಾಧ್ಯಕ್ಷರು ಖಾಲಿ ಕುರ್ಚಿಗಳ ಕಡೆ ಕೈಮಾಡುತ್ತಾರೆ. ಕೆಲಸದ ಒತ್ತಡದಿಂದ ಈ ವರ್ಷವೂ ಬರಲಾಗದ ಈ ಮಹನೀಯರು, ಮುಂದಿನ ವರ್ಷ ಖಂಡಿತ ಬರುವುದಾಗಿ ಫೋನಿನಲ್ಲಿ ತಿಳಿಸಿದ್ದಾರೆಂದು ಪ್ರಕಟಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.