ಒಂದೂವರೆ ಇಂಚಿನ ಅಂಚು ಮತ್ತು ಕಪಿತಾನರ ಹುಂಜ

ಮಾನ್ಯ ಅಳತೆಪಟ್ಟಿಯವರೇ,

ಸಂಶೋಧನಾ ಕಚೇರಿಯ ಮೇಜಿನ ಮೇಲೆ, ಪುಟ್ಟ ಯೇಸುವಿನ ಪ್ರತಿಮೆಗೂ ಬಿಸ್ಕತ್ತಿನ ಡಬ್ಬಿಗೂ ನಡುವೆ ಸುಖಾಸೀನರಾಗಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲವೆಂದಾದರೆ ತಮ್ಮ ಹನ್ನೆರಡನೆಯ ಇಂಚಿಗೆ, ಅಪರಾಧಶಾಸ್ತ್ರ ಪದವಿಯ ಕೊನೆಯ ವರ್ಷದ ನಾವು ಮೂವರು ತಲೆಗೂದಲು ಒಪ್ಪವಾಗಿ ಕತ್ತರಿಸಿಕೊಂಡು, ಬೂಟಿಗೆ ಪಾಲಿಶ್ ಹಾಕಿಕೊಂಡು, ಹಿಮ್ಮಡಿ ಕೂಡಿಸಿ ಸಲ್ಯೂಟ್ ಸಲ್ಲಿಸುತ್ತೇವೆ. ಈ ಬೇಸಿಗೆಯ ಝಳದಲ್ಲೂ ತಾವು ಬಾಗದೆ ಬಳುಕದೆ ಕ್ಷೇಮವಾಗಿರುವಿರೆಂದು ನಂಬಿದ್ದೇವೆ.

ನಮ್ಮ ಮುಖಪರಿಚಯ ತಮಗಿಲ್ಲದಿರಬಹುದು, ನಮ್ಮ ಎಡ ಅಂಚಿನ ಪರಿಚಯವಂತೂ ಚೆನ್ನಾಗಿಯೇ ಇದೆ. ತಂಡದ ನಾಯಕಿ ರೆಯಾ ಬಲಿಂಗಿಟ್. ಊಟೋಪಚಾರದ ಹೊಣೆ ಹೊತ್ತವನು ಜೋಮೆಲ್ ಕಟಾಕುಟನ್. ಪ್ರಬಂಧದ ಮೌಖಿಕ ಪರೀಕ್ಷೆಯಂದು ಪರೀಕ್ಷಕರು ಹೊಗಳಿದ್ದು ಇವನು ತಂದಿದ್ದ ಶಾವಿಗೆಯ ಪಾನ್ಸಿತ್ ಒಂದನ್ನೇ. ಬೆರಳಚ್ಚಿನ ಕೂಲಿಯಾಳು ನಾನು, ದಿಯೋನೆಲ್ ಪಸ್ಕುವಾ. ನಮ್ಮ ಪ್ರಬಂಧದ ವಿಷಯ, ನಮ್ಮ ಸುತ್ತಮುತ್ತ ಪೊಲೀಸರವರೆಗೆ ಹೋಗದೇ ಉಳಿಯುವ ಕಾಳಗದ ಹುಂಜಗಳ ಕಳವು. ದೂರು ಹೇಳಿಕೊಳ್ಳಬೇಕಾದದ್ದು ನ್ಯಾಯವಾಗಿ ಕಚೇರಿಯ ಮುಖ್ಯಸ್ಥೆ ಮ್ಯಾಮ್ ಎಪಿಫಾನಿಯಾ ಅವರಲ್ಲಿ. ಆದರೆ ಅವರ ಎದುರು ನಿಂತಾಗ ನಮ್ಮ ನಾಲಿಗೆ ಏಳುವುದಿಲ್ಲ, ಮೇಲಾಗಿ ನಾವು ಬರೆದ ಪ್ರತಿಯೊಂದು ಪುಟದ ಮೇಲೂ ಖುದ್ದಾಗಿ ಓಡಾಡಿದವರು ಈ ಕಾಲೇಜಿನಲ್ಲಿ ತಾವೊಬ್ಬರೇ. ಹಾಗಾಗಿ ಪತ್ರ ತಮಗೇ. ಬಹಿರಂಗವಾಗಿ ಏಕೆಂದರೆ, ಮುಚ್ಚಿದ ಲಕೋಟೆಯನ್ನು ಆ ಕಚೇರಿಯಲ್ಲಿ ಎಲ್ಲರೂ ಬಿಚ್ಚಿ ಓದುತ್ತಾರೆ, ತೆರೆದಿಟ್ಟ ಕಾಗದವನ್ನು ಬರೀ ಅಳೆಯುತ್ತಾರೆ.

ಮೊದಲಿಗೆ ತಮ್ಮ ಗುಣಗಾನ ಮಾಡದಿದ್ದರೆ ನಮಗೆ ಸಮಾಧಾನವಿಲ್ಲ. ಶವಪೆಟ್ಟಿಗೆಯ ಅಂಗಡಿಯವರು ಯಾವುದೋ ಹೊಸವರ್ಷಕ್ಕೆ ಪುಕ್ಕಟೆಯಾಗಿ ಹಂಚಿದ ಪ್ಲಾಸ್ಟಿಕ್ ಪಟ್ಟಿಯಾಗಿ ಹುಟ್ಟಿಯೂ, ಬೆನ್ನ ಮೇಲೆ 'ನಿಮ್ಮ ಕೊನೆಯ ಪಯಣಕ್ಕೆ ನಮ್ಮ ಜೊತೆ' ಎಂಬ ಅರ್ಧ ಅಳಿಸಿದ ವಾಕ್ಯ ಹೊತ್ತೂ, ಒಂದು ಕಾಲೇಜಿನ ವಿದ್ಯೆಗೆಲ್ಲ ಗಡಿ ಹಾಕುವ ಎತ್ತರಕ್ಕೆ ತಾವು ಬೆಳೆದಿರಿ. ನಮ್ಮ ಪ್ರಬಂಧವನ್ನು ಮೊದಲ ಸಲ ಒಪ್ಪಿಸಿದಾಗ ಮ್ಯಾಮ್ ಅದರ ಹೆಸರನ್ನೂ ಓದದೆ ತಮ್ಮನ್ನು ಎಡ ಅಂಚಿನ ಮೇಲೆ ಮಲಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಒಂದೂವರೆ ಇಂಚಿಗಿಂತ ಜಾಸ್ತಿ ಇದೆ, ತಗೊಂಡ್ಹೋಗಿ" ಎಂದರು. ರೆಯಾ ಹಟದವಳು. ಪೇಟೆಯಿಂದ ಹೊಸ ಪಟ್ಟಿ ಕೊಂಡುತಂದು, ಅಳೆದು, ಅಂಚು ಕೂದಲೆಳೆಯಷ್ಟೂ ಹೆಚ್ಚಿಲ್ಲವೆಂದು ತೋರಿಸಿದಳು. ಅದಕ್ಕೆ ಮ್ಯಾಮ್ ಸಿಟ್ಟಾಗಲಿಲ್ಲ. "ಈ ಸ್ಕೇಲು ನಾನು ಕೆಲಸಕ್ಕೆ ಸೇರಿದಾಗಿಂದ ಇದೇ ಮೇಜಿನ ಮೇಲಿದೆ ಮಗಳೇ. ನಿಂದು ಯಾವಾಗಿಂದು?" ಎಂದು ಪ್ರೀತಿಯಿಂದಲೇ ಕೇಳಿ, ಅವಳ ಕೈಗೊಂದು ಬಿಸ್ಕತ್ತು ಕೊಟ್ಟು ಕಳಿಸಿದರು.

ತಮ್ಮ ಘನತೆಯ ಗುಟ್ಟು ನಮಗೆ ತಿಳಿದದ್ದು ಗೇಟಿನೆದುರಿನ ಮುದ್ರಣದಂಗಡಿಯಲ್ಲಿ. ಅಲ್ಲಿನ ಕುಯಾ ನಿಲೊ, ನಾವೆಲ್ಲ ಅಣ್ಣ ಎಂದು ಕರೆಯುವ ಆಸಾಮಿ, ನಮ್ಮ ಕಡತ ತೆರೆಯುವ ಮೊದಲೇ, "ನಿಜವಾದ ಇಂಚಾ, ಮ್ಯಾಮ್ ಇಂಚಾ?" ಎಂದು ಕೇಳಿದ. ನಾವು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ, "ಅಯ್ಯೋ ಪಾಪ, ಇವರಿಗೆ ಯಾರೂ ಹೇಳೇ ಇಲ್ಲ. ಆ ಸ್ಕೇಲಿನ ತುದಿ ಸವೆದು ಸೊನ್ನೆನೇ ಹಾರಿಹೋಗಿದೆ ಕಣ್ರಪ್ಪಾ. ಅದರಲ್ಲಿ ಸರಿ ಬರ್ಬೇಕು ಅಂದ್ರೆ ಅಂಚು ಸ್ವಲ್ಪ ತಿನ್ಬೇಕು" ಎಂದು ತಿದ್ದಿಕೊಟ್ಟ. ಆ ತಿದ್ದಿದ ಅಂಚಿನೊಂದಿಗೆ ಹೋದಾಗ ಮ್ಯಾಮ್ ಮುಖ ಅರಳಿತು. ನಮ್ಮ ಗ್ರಂಥಾಲಯದಲ್ಲಿರುವ ಸಕಲ ಪ್ರಬಂಧಗಳಲ್ಲೂ ಪ್ರತಿ ಸಾಲಿನ ಮೊದಲ ಅಕ್ಷರ ಹೊಲಿಗೆಯೊಳಗೆ ಅಡಗಿ ಕುಳಿತಿರುವುದು ಏಕೆಂದು ಅಂದು ಅರ್ಥವಾಯಿತು. ಕಳೆದುಹೋದ ಸೊನ್ನೆಯೊಂದಕ್ಕೆ ಇಡೀ ಕಾಲೇಜು ತಲೆಬಾಗಿ ನಡೆಯುವಂತೆ ಮಾಡಿದ ತಮ್ಮ ಪ್ರಭಾವಕ್ಕೆ ನಮ್ಮ ವಂದನೆಗಳು.

ಇಷ್ಟೇ ಆಗಿದ್ದರೆ ನಾವು ಪತ್ರ ಬರೆಯುತ್ತಿರಲಿಲ್ಲ. ಅಂಚಿನ ನಂತರ ಬಂದದ್ದು ಫೋಟೋ. ಸಂದರ್ಶನ ನಡೆದದ್ದಕ್ಕೆ ಸಾಕ್ಷಿಯಾಗಿ ಅನುಬಂಧದಲ್ಲಿ ಅರ್ಧ ಪುಟದ ಫೋಟೋ ಇರಬೇಕು, ಅದರಲ್ಲಿ ಮುಖ ಸ್ಪಷ್ಟವಾಗಿ ಕಾಣಬೇಕು ಎಂಬುದು ನಿಯಮ. ನಮ್ಮ ಮುಖ್ಯ ಮಾಹಿತಿದಾರರು ಮಾಂಗ್ ಬಿಯೊಂಗ್ ಎಂಬ ಹಿರಿಯರು. ಹಿಂದೊಂದು ಕಾಲದಲ್ಲಿ ಅವರು ಕದಿಯದ ಹುಂಜವಿರಲಿಲ್ಲ. ಈಗ ನಮ್ಮ ಬರಂಗಾಯ್ ಪಂಚಾಯಿತಿಯ ಮುಖಂಡ ಕಪಿತಾನ್ ದೆಲ್ಫಿನ್ ಅವರ ಹುಂಜಗಳನ್ನು ಕಾಯುತ್ತಾ, ಅವರದೇ ತೋಟದ ಗುಡಿಸಲಲ್ಲಿ ಹೆಂಡತಿಯೊಡನೆ ಇದ್ದಾರೆ. ಹಳೆಯ ಕಸುಬು ಕಪಿತಾನರಿಗೆ ಗೊತ್ತಿಲ್ಲ. ಗೊತ್ತಾದರೆ ಗುಡಿಸಲೂ ಹೋಗುತ್ತದೆ, ಮೈಮೂಳೆಯೂ ಮುರಿಯುತ್ತದೆ, ಏಕೆಂದರೆ ನಮ್ಮ ಕಡೆ ಹೆಂಡತಿ ಓಡಿಹೋದರೆ ಕ್ಷಮಿಸುವ ಗಂಡಸರು ಹುಂಜ ಕದ್ದವನನ್ನು ಕ್ಷಮಿಸುವುದಿಲ್ಲ. "ಯಾರಿಗೂ ಹೇಳಲ್ಲ ತಾನೇ?" ಎಂದು ಕೇಳಿ, ರೆಯಾ ಮಾತು ಕೊಟ್ಟ ಮೇಲೆಯೇ ಅವರು ಬಾಯಿ ಬಿಟ್ಟದ್ದು. ಮಲಗಿದ ಹುಂಜವನ್ನು ಕೂಗದಂತೆ ಎತ್ತುವುದು ಹೇಗೆಂದೂ ತೋರಿಸಿಕೊಟ್ಟರು: ಎದೆಯಡಿಗೆ ಅಂಗೈ ಹಾಕಬೇಕು, ಎಳೆಯಬಾರದು, ತಾನಾಗಿ ಕೈಮೇಲೆ ಹತ್ತಿ ಕೂರುವಂತೆ ಮಾಡಬೇಕು.

ಇನ್ನು ನಮ್ಮ ಬುದ್ಧಿವಂತಿಕೆ ಕೇಳಿ. ಬ್ಯಾನರ್ ಇಲ್ಲದೆ ನಮ್ಮೂರಲ್ಲಿ ನಾಯಿಗೆ ಸೂಜಿ ಚುಚ್ಚುವ ಕಾರ್ಯಕ್ರಮವೂ ನಡೆಯುವುದಿಲ್ಲ. ಆ ರೂಢಿಯಂತೆ ನಾವು ಸಂದರ್ಶನದ ದಿನವೂ ಬ್ಯಾನರ್ ಹಿಡಿದುಕೊಂಡು ಹೋಗಿದ್ದೆವು. 'ಗೋಪ್ಯ ಮಾಹಿತಿದಾರರಾದ ಶ್ರೀಯುತರಿಗೆ ಧನ್ಯವಾದಗಳು' ಎಂದು ಬರೆಸಿ, ಅದರ ಕೆಳಗೆ ಅವರ ಪೂರ್ಣ ಹೆಸರನ್ನು ಕೆಂಪಕ್ಷರದಲ್ಲಿ ಹಾಕಿಸಿದ್ದೆವು. ಅದರ ಮುಂದೆ ನಿಂತು ಎಲ್ಲರೂ ಹಲ್ಲು ಕಿರಿದ ಮೇಲೆ ರೆಯಾಗೆ ಎಚ್ಚರವಾಗಿ ಆ ಫೋಟೋ ಅಳಿಸಿದಳು. ನಾನು ಮ್ಯಾಮ್ ಬಳಿ ಹೋಗಿ, ಮೂರನೇ ಅಧ್ಯಾಯದಲ್ಲಿ ಗುರುತು ಮುಚ್ಚಿಡುವುದಾಗಿ ಬರೆದಿದ್ದೇವಲ್ಲ, ಮುಖ ಹೇಗೆ ತೋರಿಸುವುದು ಎಂದು ವಿನಯದಿಂದ ಕೇಳಿದೆ. "ಮೂರನೇ ಅಧ್ಯಾಯ ಬೇರೆ, ಅನುಬಂಧ ಬೇರೆ ಮಗಾ. ಅಲ್ಲಿ ಮುಚ್ಚು, ಇಲ್ಲಿ ತೋರ್ಸು. ಎರಡೂ ಕಡೆ ಅಂಚು ಮಾತ್ರ ಒಂದೇ ಇರ್ಲಿ" ಎಂದರು.

ಆಗ ಜೋಮೆಲ್‌ಗೆ ಹೊಳೆಯಿತು. ನಿಯಮದಲ್ಲಿ ಮುಖ ಎಂದಿದೆಯೇ ಹೊರತು ಯಾರ ಮುಖ ಎಂದಿಲ್ಲ. ನಾವು ಮತ್ತೆ ತೋಟಕ್ಕೆ ಹೋದಾಗ ಅವನು ಪಕ್ಕದಲ್ಲಿ ಕಟ್ಟಿದ್ದ ಹುಂಜವೊಂದನ್ನು ತೋರಿಸಿ, ಅದನ್ನು ಬಿಚ್ಚಿ ಮುಖದ ಎದುರು ಎತ್ತಿ ಹಿಡಿಯಲು ಮಾಂಗ್ ಬಿಯೊಂಗರಿಗೆ ಹೇಳಿದ. ನಮ್ಮ ನೆನಪಿಗೊಂದು ಫೋಟೋ ಇರಲಿ ಎಂದು ನಾವು ಕೇಳುತ್ತಿದ್ದೇವೆ ಎಂದುಕೊಂಡು ಅವರೂ ನಗುನಗುತ್ತಾ ಹಿಡಿದರು. ಮಾನ್ಯರೇ, ತಾವು ಆ ಪುಟದ ಮೇಲೆ ಮಲಗಿದ ದೃಶ್ಯ ನಮ್ಮ ಕಣ್ಣಿಗೆ ಕಟ್ಟಿದೆ. ಮ್ಯಾಮ್ ಮೇಲೆ ಅಳೆದರು, ಕೆಳಗೆ ಅಳೆದರು, ಎಡಬಲ ಅಳೆದರು, ಹುಂಜದ ಸ್ಪಷ್ಟವಾದ ಮುಖವನ್ನು ನೋಡಿ ತಲೆಯಾಡಿಸಿ ಮೊಹರು ಒತ್ತಿದರು. ನಾವು ಹೊರಗೆ ಬಂದು ಕುಣಿದೆವು. ಜೋಮೆಲ್‌ನ ತಾಯಿ ಪದವಿ ಪ್ರದಾನದ ಊಟಕ್ಕೆ ಇಡಿಯಾಗಿ ಸುಡಲು ಹಂದಿ ಗೊತ್ತು ಮಾಡಿಬಿಟ್ಟರು.

ಕೆಂಪು ರಟ್ಟು ಕಟ್ಟಿ, ಚಿನ್ನದ ಅಕ್ಷರ ಹೊಡೆಸಿದ ಪುಸ್ತಕದ ಎರಡೂ ಪ್ರತಿಗಳನ್ನು ಮ್ಯಾಮ್ ಬೀರುವಿಗೆ ಒಪ್ಪಿಸಿ, ಆ ಫೋಟೋದ ಒಂದು ಪ್ರತಿಯನ್ನು ಉಡುಗೊರೆಯಾಗಿ ಹಿಡಿದು ಮಾಂಗ್ ಬಿಯೊಂಗರಲ್ಲಿಗೆ ಹೋದೆವು. ಅವರು ಅದನ್ನು ನೋಡಿ ಮೊದಲು ನಕ್ಕರು. ಇದು ಪುಸ್ತಕದಲ್ಲೂ ಇದೆ ಎಂದಾಗ, ಆ ಪುಸ್ತಕ ಎಲ್ಲೆಲ್ಲಿ ಇರುತ್ತದೆ ಎಂದು ಕೇಳಿದರು. ಒಂದು ಗ್ರಂಥಾಲಯದಲ್ಲಿ, ಇನ್ನೊಂದು ಗೌರವಪ್ರತಿಯಾಗಿ ಕಪಿತಾನರ ಕಚೇರಿಯಲ್ಲಿ ಎಂದಳು ರೆಯಾ. ಅವರ ನಗು ಅಲ್ಲೇ ನಿಂತಿತು. "ನನ್ನ ಮುಖ ಮುಚ್ಚಿದ್ರಿ, ಸರಿ. ಇವನ ಮುಖ ಯಾರು ಮುಚ್ತಾರಮ್ಮಾ? ಇವನು ಸೆನ್ಯೊರಿಟೊ. ಕಪಿತಾನ್ ತನ್ನ ಮೊಮ್ಮಕ್ಕಳಲ್ಲಿ ಯಾರು ಯಾರು ಅಂತ ತಡವರಿಸ್ತಾರೆ, ಇವನನ್ನ ಕತ್ತಲಲ್ಲೂ ಹೇಳ್ತಾರೆ. ಇವನನ್ನ ಎತ್ಕೊಳ್ಳೋಕೆ ಬಿಡೋದು ಇಡೀ ತೋಟದಲ್ಲಿ ನನ್ನೊಬ್ಬನಿಗೆ" ಎಂದರು. ಫೋಟೋದ ಕೆಳಗೆ ನಾನೇ ಟೈಪ್ ಮಾಡಿದ ಸಾಲಿತ್ತು: 'ಹಿಂದೆ ಹುಂಜ ಕದಿಯುತ್ತಿದ್ದ ಮಾಹಿತಿದಾರರು'.

ಹುಂಜ ಕಳವಿನ ಮೇಲೆ ಒಂದಿಡೀ ವರ್ಷ ಸಂಶೋಧನೆ ಮಾಡಿದವರಿಗೆ, ನಮ್ಮೂರಲ್ಲಿ ಮನುಷ್ಯನ ಮುಖಕ್ಕಿಂತ ಹುಂಜದ ಮುಖ ಹೆಚ್ಚು ಪರಿಚಿತ ಎಂಬುದು ನೆನಪಾಗಲಿಲ್ಲ. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. "ಇರ್ಲಿ ಬಿಡಿ ಮಕ್ಕಳೇ, ನೀವು ಪಾಸಾಗಿ. ನಂಗೆ ಇನ್ನೆಲ್ಲಾದ್ರೂ ಒಂದು ಮೂಲೆ ಸಿಗುತ್ತೆ" ಎಂದು ಹೇಳಿ, ಅವರ ಹೆಂಡತಿ ಬೇಯಿಸಿದ್ದ ಮೊಟ್ಟೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ದಾರಿಯುದ್ದಕ್ಕೂ ಜೋಮೆಲ್ ಒಂದನ್ನೂ ತಿನ್ನಲಿಲ್ಲ. ನಮಗೆ ನಾಚಿಕೆಯಾಗಿದೆ ಮಾನ್ಯರೇ, ಅದನ್ನು ಸುತ್ತಿಬಳಸಿ ಹೇಳುವುದಿಲ್ಲ.

ಮ್ಯಾಮ್ ಬಳಿ ಓಡಿ, ಪುಸ್ತಕ ವಾಪಸು ಕೊಡಿ, ಒಂದು ಪುಟ ಬದಲಿಸಬೇಕು ಎಂದೆವು. ಕಾರಣ ಹೇಳುವಂತಿರಲಿಲ್ಲ, ಏಕೆಂದರೆ ಕಪಿತಾನರು ಮ್ಯಾಮ್ ಅವರ ಮಗನ ಜ್ಞಾನಸ್ನಾನಕ್ಕೆ ನಿಂತ ಧರ್ಮತಂದೆ, ಒಂದು ಮನೆಯ ಅಡುಗೆಗೆ ಉಪ್ಪು ಹೆಚ್ಚಾದರೂ ಇನ್ನೊಂದು ಮನೆಗೆ ತಿಳಿಯುತ್ತದೆ. "ಅಂಚು ಸರಿ ಇದೆ. ಅಂಚು ಸರಿ ಇದ್ಮೇಲೆ ಒಳಗೆ ಇನ್ನೇನು ತಪ್ಪಿರೋಕೆ ಸಾಧ್ಯ?" ಎಂದು ಮ್ಯಾಮ್ ಬೀರುವಿನ ಕೀಲಿಯನ್ನು ಕೊರಳಿಗೆ ಹಾಕಿಕೊಂಡರು. "ಅಪರಾಧಶಾಸ್ತ್ರ ಓದಿದೀವಿ, ಒಂದು ಬೀರು ಒಡಿಯೋಕೆ ಬರಲ್ವಾ?" ಎಂದ ಜೋಮೆಲ್‌ನನ್ನು ರೆಯಾ, "ನಾವು ಓದಿದ್ದು ಹಿಡಿಯೋಕೆ ಕಣೋ, ಒಡಿಯೋಕಲ್ಲ" ಎಂದು ಗದರಿದಳು.

ಆದ್ದರಿಂದ ನಮ್ಮ ಮನವಿ. ಉಳಿದ ತಂಡಗಳ ಪುಸ್ತಕಗಳು ಆಗಲೇ ಗ್ರಂಥಾಲಯ ಸೇರಿವೆ, ಬೀರುವಿನಲ್ಲಿರುವುದು ನಮ್ಮದೊಂದೇ. ಸೋಮವಾರ ಕಪಿತಾನರಿಗೆ ಒಪ್ಪಿಸುವ ಮುನ್ನ ಮ್ಯಾಮ್ ಕೊನೆಯ ಬಾರಿಗೆ ಅಳೆಯುತ್ತಾರೆ. ಇಷ್ಟು ವರ್ಷ ಸರಿಯನ್ನು ತಪ್ಪೆಂದು ಸಾರಿದ ತಾವು, ಅಂದು ಒಂದೇ ಒಂದು ಸಲ, ತಪ್ಪನ್ನು ತಪ್ಪೆನ್ನಬೇಕು. ತಮ್ಮ ಸವೆದ ಸೊನ್ನೆಯನ್ನು ಒಂದು ಬೆಳಗಿನ ಮಟ್ಟಿಗೆ ಮತ್ತೆ ಬೆಳೆಸಿಕೊಳ್ಳಬೇಕು. ಸಾಧ್ಯವಾಗದಿದ್ದರೆ ಬಿಸಿಲಿಗೆ ಸ್ವಲ್ಪ ಬಾಗಬೇಕು, ಅದೂ ಆಗದಿದ್ದರೆ ಮೇಜಿನಿಂದ ಬಿದ್ದು ಎರಡು ತುಂಡಾಗಿ ಹುತಾತ್ಮರಾಗಬೇಕು. ಪುಸ್ತಕ ತಪ್ಪೆಂದು ವಾಪಸಾದರೆ ಆ ಪುಟ ಕಿತ್ತುಹಾಕಬಹುದು, ಆದರೆ ಈ ವರ್ಷದ ಪದವಿ ಪಟ್ಟಿಯಲ್ಲಿ ನಮ್ಮ ಮೂವರ ಹೆಸರಿರುವುದಿಲ್ಲ ಎಂಬುದು ನಮಗೆ ಗೊತ್ತು. ಜೋಮೆಲ್ ತನ್ನ ತಾಯಿಗೆ, "ಅಮ್ಮಾ, ಹಂದಿ ಇನ್ನೂ ಸಣ್ಣದಿದೆ, ಒಂದು ವರ್ಷ ಮೇಯ್ಲಿ ಬಿಡು" ಎಂದು ಹೇಳಿ ಬೆನ್ನಿಗೆ ಪೊರಕೆಯ ಪೆಟ್ಟು ತಿಂದು ಬಂದಿದ್ದಾನೆ.

ಈ ಪತ್ರದಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇವೆ. ಈ ಸಲ ಹುಂಜದ ಹೆಸರನ್ನೂ ಬದಲಿಸಿದ್ದೇವೆ.

ತಮ್ಮ ಎಡ ಅಂಚಿನಲ್ಲಿ ಸದಾ ಮುದುಡಿ ನಿಂತಿರುವ,
ತಮ್ಮ ವಿಶ್ವಾಸಿ,
ದಿಯೋನೆಲ್ ಪಸ್ಕುವಾ
(ಇಬ್ಬರು ಸಹಪಾಠಿಗಳ ಪರವಾಗಿಯೂ)

ಮರೆತ ಮಾತು: ಮನವಿಗಳನ್ನು ಪುರಸ್ಕರಿಸುವ ಅಭ್ಯಾಸ ತಮ್ಮ ಕಚೇರಿಗಿಲ್ಲ ಎಂಬ ಅನುಭವದಿಂದ ಸಣ್ಣದೊಂದು ಏರ್ಪಾಡು ಮಾಡಿಕೊಂಡಿದ್ದೇವೆ, ಮನ್ನಿಸಬೇಕು. ತಾವು ಈ ಪತ್ರ ಓದುತ್ತಿರುವುದು ಮೇಜಿನ ಮೇಲಲ್ಲ, ಜೋಮೆಲ್‌ನ ಚೀಲದೊಳಗೆ. ಮ್ಯಾಮ್ ಬಿಸ್ಕತ್ತು ಹುಡುಕುತ್ತಿದ್ದಾಗ ರೆಯಾಳೇ ತಮ್ಮ ಅಡಿಗೆ ಅಂಗೈ ಹಾಕಿ, ಎಳೆಯದೆ, ತಾವಾಗಿ ಹತ್ತಿ ಕೂರುವಂತೆ ಎತ್ತಿಕೊಂಡಳು, ತಾವು ಕೂಗಲಿಲ್ಲ. ತಮ್ಮ ಜಾಗದಲ್ಲಿ ಅವಳು ಪೇಟೆಯಿಂದ ತಂದಿದ್ದ ಪಟ್ಟಿ ಮಲಗಿದೆ. ಅದರ ಸೊನ್ನೆ ಇದ್ದಲ್ಲೇ ಇದೆ, ತಮಗಾಗಿ ತಿಂದ ನಮ್ಮ ಅಂಚು ಅದಕ್ಕೆ ಸಾಲದು, ಸೋಮವಾರ ಅದು ನಮ್ಮ ಪುಸ್ತಕವನ್ನು ಮೊದಲ ಪುಟದಲ್ಲೇ ತಿರಸ್ಕರಿಸುತ್ತದೆ.