ಅಬ್ಬಲಿಗೆ ದಂಡೆಗೆ ಸೋಡಾ ಕುಡಿಸಿದ್ದು

ಪತ್ರಿಕೆಯವರು ತಾವು ಅಚ್ಚು ಹಾಕಿದ್ದನ್ನು ತಾವೇ ನಂಬಬಾರದು. ಈ ಎಚ್ಚರಿಕೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಕಾರವಾರದ ಒಂದು ವಾರಪತ್ರಿಕೆಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಉದ್ಯೋಗ. ಪುಟದಲ್ಲಿ ಜಾಗ ಉಳಿದರೆ ವಿಜ್ಞಾನ ತುಂಬುವುದೂ ನನ್ನದೇ. ಹೀಗೆ ಒಂದು ವಾರ ತುಂಬಿದ ಸಂಗತಿ ಇದು: ಕಿತ್ತ ಹೂವಿನ ಜೀವಕೋಶಗಳು ಕೂಡಲೇ ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತವೆ. ನೀರು ಆರಿದಂತೆ ಬಾಡುತ್ತವೆ. ಸುತ್ತ ಇಂಗಾಲಾಮ್ಲ, ಅಂದರೆ ನಾವು ಉಸಿರಿನಲ್ಲಿ ಹೊರಬಿಡುವ ವಾಯು, ಸ್ವಲ್ಪ ಹೆಚ್ಚಿದ್ದರೆ ಅವುಗಳ ಉಸಿರಾಟ ನಿಧಾನವಾಗಿ ಹೆಚ್ಚು ಕಾಲ ತಾಜಾ ಉಳಿಯುತ್ತವೆ. ಇದರಲ್ಲಿ ‘ಸ್ವಲ್ಪ’ ಎಂಬ ಮಾತನ್ನು ನಾನು ಸ್ಥಳಾಭಾವದಿಂದ ಕೈಬಿಟ್ಟಿದ್ದೆ.

ಅದೇ ವಾರ ಅಂಕೋಲೆಯಲ್ಲಿ ನನ್ನ ನಾದಿನಿಯ ಮದುವೆ. ಮದುಮಗಳ ಮುಡಿಗೆ ನಮ್ಮೂರ ಪಕ್ಕದ ಶಿರವಾಡದ ಅಬ್ಬಲಿಗೆ ಹೂವೇ ಆಗಬೇಕೆಂದು ಅತ್ತೆಯವರು ಹೇಳಿ ಕಳಿಸಿದ್ದರು. ನನ್ನ ಹೆಂಡತಿ ಸಂಜೆಯೆಲ್ಲ ಕೂತು ಬಾಳೆನಾರಿನಲ್ಲಿ ದಂಡೆ ಕಟ್ಟಿದಳು. ನಾಲ್ಕು ಹನಿ ನೀರು ಚಿಮುಕಿಸಿ ಬಾಳೆಎಲೆಯಲ್ಲಿ ಸಡಿಲಾಗಿ ಸುತ್ತಿಡುವುದು ನಮ್ಮ ಕಡೆಯ ರೂಢಿ. ನನಗೆ ಅದು ಹಿಂದುಳಿದ ಕ್ರಮವೆನಿಸಿತು. ನೀರೂ ಇಂಗಾಲಾಮ್ಲವೂ ಕೂಡಿಯೇ ಸಿಗುವ ಗೋಲಿಸೋಡಾ ಪೇಟೆಯಲ್ಲಿರುವಾಗ ಬರೀ ಬಾವಿನೀರೇಕೆ? ಬಿಸ್ಕೀಟಿನ ಡಬ್ಬಿಗೆ ಸೋಡಾ ಸುರಿದು, ದಂಡೆ ಇಳಿಸಿ, ಮುಚ್ಚಳದ ಸುತ್ತ ಮೇಣ ಹಚ್ಚಿದೆ.

“ಹೂವಿಗೇನು ಅಜೀರ್ಣ ಆಗ್ಯದ್ಯಾ?” ಎಂದಳು ಹೆಂಡತಿ.

“ಇನ್ನು ಅದು ನಿದ್ದೆ ಮಾಡ್ತದೆ.”

“ನಾಳೆ ಮುಹೂರ್ತಕ್ಕಾದ್ರೂ ಏಳ್ತದಲ್ಲ?”

ಮರುದಿನ ಸರ್ವಿಸ್ ಮೋಟಾರಿನಲ್ಲಿ ಅಂಕೋಲೆಯವರೆಗೂ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಒಳಕೋಣೆಯಲ್ಲಿ ಮದುಮಗಳು ತಲೆ ಬಾಚಿಸಿಕೊಂಡು ದಂಡೆಗಾಗಿ ಕಾದಿದ್ದಳು. ಮುಚ್ಚಳ ತೆಗೆದೆ. ಹುಳಿತ ಹೆಂಡದ ವಾಸನೆ ಬಂತು. ಬೇಯಿಸಿದ ಹರಿವೆ ಸೊಪ್ಪಿನಂಥದೇನೋ ನಾರಿಗೆ ಅಂಟಿಕೊಂಡಿತ್ತು. ಹೂವಿಲ್ಲದ ಮುಡಿಯಲ್ಲಿ ಹುಡುಗಿ ಮಂಟಪಕ್ಕೆ ಹೋಗುವಂತಿಲ್ಲ. ಗಂಡಿನ ಕಡೆಯ ವಾದ್ಯ ಆಗಲೇ ಬೀದಿಯ ತಿರುವಿನಲ್ಲಿ ಕೇಳುತ್ತಿತ್ತು.

ಅತ್ತೆಯವರು ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗಿದ್ದರೂ ನನ್ನ ಹೆಂಡತಿಗೇ ಹೇಳುತ್ತಾರೆ.

“ಇದು ಹೆಂಗೆ ಹಾಳಾಯ್ತು ಅಂತ ಅವ್ರಿಗೆ ಗೊತ್ತದ್ಯಾ ಕೇಳೇ.”

ಗೊತ್ತಿತ್ತು. ನೀರಿನಲ್ಲಿ ಮುಳುಗಿ, ಮೇಲೆ ಇಂಗಾಲಾಮ್ಲವೂ ತುಂಬಿ, ಪ್ರಾಣವಾಯು ಸಿಗದೆ ಜೀವಕೋಶಗಳು ಸತ್ತಿವೆ ಎಂದು ಕ್ರಮವಾಗಿ ವಿವರಿಸಿದೆ.

“ಹಂಗಾರೆ ಉಸಿರು ಕಟ್ಟಿಸಿ ಕೊಂದದ್ದು ಅವ್ರೇ ಅಂತಾಯ್ತು. ಬಾಳೆನಾರು ಸೀಳೂಕೆ ಬರ್ತದ್ಯಾ ಕೇಳು.”

ಬರುತ್ತಿರಲಿಲ್ಲ. ಆ ಹೊತ್ತಿಗೆ ಬಂತು. ಹೆಂಗಸರು ಅಕ್ಕಪಕ್ಕದ ಹಿತ್ತಲುಗಳಿಗೆ ನುಗ್ಗಿ ಸಿಕ್ಕ ಅಬ್ಬಲಿಗೆಯನ್ನೆಲ್ಲ ಸೆರಗಿನಲ್ಲಿ ತಂದರು. ನಾನು ಸೀಳಿಕೊಟ್ಟಂತೆ ಹೆಂಡತಿ ಕಟ್ಟುತ್ತ ಹೋದಳು. ದಂಡೆ ತೆಳ್ಳಗಾಯಿತು; ಆದರೆ ಮುಹೂರ್ತ ತಪ್ಪಲಿಲ್ಲ. ಮುಡಿಸಿಕೊಳ್ಳಲು ತಲೆ ಬಗ್ಗಿಸಿದ್ದ ನಾದಿನಿ ನೆಲ ನೋಡುತ್ತಲೇ ಅಂದಳು: “ಭಾವ, ಇದ್ನ ನಿಮ್ಮ ಪೇಪರಿಗೆ ಹಾಕ್ಬೇಡಿ ಮಾತ್ರ.”

ಹಾಕದೆ ಉಪಾಯವಿರಲಿಲ್ಲ. ನಮ್ಮ ಓದುಗರ ಮನೆಗಳಲ್ಲೂ ಮದುವೆಗಳಿದ್ದವು. ಮುಂದಿನ ಸಂಚಿಕೆಯಲ್ಲಿ, ಯಾರ ಹೆಸರನ್ನೂ ಎತ್ತದೆ, ‘ಕಾರವಾರದ ಸುಶಿಕ್ಷಿತ ಗೃಹಸ್ಥರೊಬ್ಬರು ಹೂವನ್ನು ಸೋಡಾದಲ್ಲಿಟ್ಟು ಕೆಡಿಸಿಕೊಂಡ ಬಗ್ಗೆ ವರದಿಯಾಗಿದೆ’ ಎಂದು ಬರೆದೆ.

ಹೆಂಡತಿ ಅದನ್ನು ಎರಡು ಸಲ ಓದಿದಳು.

“ಎಲ್ಲಾ ಸರಿ ಅದೆ,” ಎಂದಳು. “ಸುಶಿಕ್ಷಿತ ಅಂತ ನಿಮಗೆ ಹೇಳಿದ್ದು ಯಾರು?”